ಪುಂಡಲೀಕಪ್ಪನ ತ್ರಾಣ

ಬೆಟಗೇರಿಯ ನೇಕಾರರ ಓಣಿಯಲ್ಲಿ ಯಾರ ಮನೆಯ ಮಗಳು ಹಡೆಯಲು ತವರಿಗೆ ಬಂದರೂ ಆ ಖಬರು ಮೊದಲು ಮುಟ್ಟುತ್ತಿದ್ದುದು ಗದಿಗೆವ್ವನಿಗೆ. ಹೆರಿಗೆಗಳೆಲ್ಲ ಆಸ್ಪತ್ರೆ ಸೇರಿ ಎಷ್ಟೋ ವರ್ಷಗಳಾಗಿದ್ದವು, ಆದರೆ ಬಾಣಂತಿಯ ಬಾಯಿಗೆ ಬೀಳುವ ಅಂಟಿನ ಉಂಡಿ ಮಾತ್ರ ಇವತ್ತಿಗೂ ಗದಿಗೆವ್ವನ ಕೈಯದೇ ಆಗಬೇಕು. ತುಪ್ಪದಲ್ಲಿ ಅಂಟು ಅರಳುವ ಹೊತ್ತಿನಲ್ಲಿ ಅವಳ ಒಲೆಯ ಹತ್ತಿರ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ, ಗಸಗಸೆ ಎಲ್ಲವನ್ನೂ ಹದವಾಗಿ ಹುರಿದು, ಬೆಲ್ಲದ ಪಾಕಕ್ಕೆ ಬೆರೆಸಿ, ಸುಡುಸುಡುವಾಗಲೇ ಕೈ ಹಾಕಿ ಉಂಡಿ ಕಟ್ಟಬೇಕು. ಹಾಗೆ ಕಟ್ಟಿ ಕಟ್ಟಿ ಅವಳ ಅಂಗೈ ಬಿಸಿಯನ್ನೇ ಮರೆತಿತ್ತು. "ನನ್ನ ಉಂಡಿ ತಿಂದ ಬಾಣಂತಿ ತಿಂಗಳೊಪ್ಪತ್ತಿನ್ಯಾಗ ಕೊಡ ಹೊತಗೊಂಡು ಓಡಾಡತಾಳ" ಎಂದು ಅವಳು ಹೇಳುವುದು ಬರೀ ಜಂಭವೂ ಆಗಿರಲಿಲ್ಲ, ಸಾಕ್ಷಿ ಹೇಳುವ ಹೆಂಗಸರು ಓಣಿಯಲ್ಲಿ ಬೇಕಾದಷ್ಟು ಜನ ಇದ್ದರು. ಹೀಗಾಗಿ ಅವಳ ತಲೆಯಲ್ಲಿ ಒಂದು ಸಿದ್ಧಾಂತವೇ ಬೇರುಬಿಟ್ಟಿತ್ತು. ಜಗತ್ತಿನಲ್ಲಿ ಇರುವುದು ಒಂದೇ ದಣಿವು, ಅದು ಹೊಟ್ಟೆಗೆ ಸರಿಯಾಗಿ ತಿನ್ನದೆ ಬರುವ ದಣಿವು.

ಇಂಥವಳ ಗಂಡನಿಗೇ ದಣಿವು ಬಂದು ಅಮರಿಕೊಂಡಿತು.

ಪುಂಡಲೀಕಪ್ಪ ಮೂವತ್ತೈದು ವರ್ಷ ಕೈಮಗ್ಗದಲ್ಲಿ ಸೀರೆ ನೇಯ್ದವನು. ಮಗ್ಗ ಮನೆಯ ಪಡಸಾಲೆಯಲ್ಲೇ ಇತ್ತು. ಅವನು ಲಾಳಿ ಹೊಡೆಯುತ್ತಿದ್ದರೆ ಗದಿಗೆವ್ವ ಪಕ್ಕದಲ್ಲಿ ಕೂತು ನೂಲು ಸುತ್ತಿಕೊಡುತ್ತಿದ್ದಳು. ಒಬ್ಬಳೇ ಮಗಳನ್ನು ಮುಂಡರಗಿಗೆ ಕೊಟ್ಟು ಗಂಡ ಹೆಂಡತಿ ನಿಶ್ಚಿಂತೆಯಿಂದಿದ್ದರು. ಅವನಿಗೆ ಬಿ.ಪಿ. ಇದೆ ಎಂದು ಗೊತ್ತಾಗಿ ಹನ್ನೆರಡು ವರ್ಷಗಳಾಗಿದ್ದವು, ಆದರೆ ತಲೆನೋವು ಬಂದ ದಿನ ಮಾತ್ರ ಗುಳಿಗೆ ನುಂಗುವ ಶಾಣ್ಯಾ ಅವನು. ಬಿ.ಪಿ. ಏನೂ ಅವನ ತಲೆನೋವಿಗೆ ಕಾಯುತ್ತ ಕೂರಲಿಲ್ಲ. ಎರಡೂ ಕಿಡ್ನಿಗಳನ್ನು ಸದ್ದಿಲ್ಲದೆ ತಿಂದುಹಾಕಿತು. ಈಗ ಒಂದೂವರೆ ವರ್ಷದಿಂದ ಮಂಗಳವಾರ ಮತ್ತು ಶುಕ್ರವಾರ ಆಟೋ ಹತ್ತಿ ಗದಗಿನ ಆಸ್ಪತ್ರೆಗೆ ಹೋಗಿ, ಡಯಾಲಿಸಿಸ್ ಯಂತ್ರದ ಪಕ್ಕ ನಾಲ್ಕು ತಾಸು ಕೈ ಚಾಚಿ ಮಲಗಿ ಬರುತ್ತಿದ್ದ.

ಬಂದ ದಿನ ಅವನು ಹಿಂಡಿ ಒಗೆದ ಬಟ್ಟೆಯ ಹಾಗೆ ಬಿದ್ದುಕೊಳ್ಳುತ್ತಿದ್ದ. ಅದು ಸರಿ, ರಕ್ತವನ್ನೆಲ್ಲ ಹೊರಗೆ ತೆಗೆದು ತೊಳೆದು ಒಳಗೆ ಹಾಕಿದ ಮೇಲೆ ಯಾರಾದರೂ ಬೀಳಬೇಕಾದ್ದೇ ಎಂದು ಗದಿಗೆವ್ವ ಒಪ್ಪಿಕೊಂಡಿದ್ದಳು. ಅವಳಿಗೆ ಒಪ್ಪಿಗೆಯಾಗದ್ದು ಉಳಿದ ದಿನಗಳ ದಣಿವು. ಅಂಗಿ ಹಾಕಿಕೊಳ್ಳುತ್ತ ಒಂದು ತೋಳು ತೂರಿಸಿ, ಇನ್ನೊಂದಕ್ಕೆ ಮೊದಲು ಮಂಚದ ಮೇಲೆ ಕೂತುಬಿಡುತ್ತಿದ್ದ. ಮಗ್ಗಕ್ಕೆ ಇಳಿದರೆ ಹತ್ತು ಲಾಳಿಗೆ ಕೈ ನಿಲ್ಲುತ್ತಿತ್ತು. ಸೀರೆಯೊಂದು ಮಗ್ಗದ ಮೇಲೆ ಮೂರು ತಿಂಗಳಿಂದ ಮೊಳದುದ್ದವೇ ಉಳಿದಿತ್ತು.

ಇದಕ್ಕೆ ಕಾರಣ ಅಡುಗೆಮನೆಯ ಗೋಡೆಯ ಮೇಲೇ ಇದೆ ಎಂದು ಅವಳಿಗೆ ಖಾತ್ರಿಯಾಯಿತು. ಆಸ್ಪತ್ರೆಯವರು ಕೊಟ್ಟ ಪಟ್ಟಿಯನ್ನು ಅಲ್ಲಿ ಅಂಟಿಸಿದ್ದರು. ಬಾಳೆಹಣ್ಣು ಬೇಡ, ಎಳನೀರು ಬೇಡ, ಕೊಬ್ಬರಿ ಬೇಡ, ಒಣಹಣ್ಣು ಬೇಡ, ಉಪ್ಪು ಕಡಿಮೆ, ನೀರು ಅಳೆದು ಕುಡಿಯಬೇಕು, ಕಾಯಿಪಲ್ಲೆ ಕುದಿಸಿ ಆ ನೀರನ್ನು ಚೆಲ್ಲಬೇಕು.

"ಸತ್ವನೆಲ್ಲಾ ಗಟಾರಕ್ಕ ಚೆಲ್ಲಿ, ಬರೇ ಚರಟ ತಿನ್ನು ಅಂದ್ರ ಮನಷ್ಯಾಗ ತ್ರಾಣ ಎಲ್ಲಿಂದ ಬರತೈತಿ?" ಎಂದು ಅವಳು ಮಗಳಿಗೆ ಫೋನಿನಲ್ಲಿ ಕೇಳಿದಳು.

"ಅವ್ವಾ, ಡಾಕ್ಟರ್ ಹೇಳಿದಷ್ಟ ಮಾಡು. ನಿನ್ನ ಶಾಣ್ಯಾತನ ಬ್ಯಾಡ" ಎಂದಳು ಮಗಳು.

ಅಂಥ ಮಾತು ಕೇಳಿ ಸುಮ್ಮನಾಗುವ ಪೈಕಿ ಅಲ್ಲ ಗದಿಗೆವ್ವ. ಮರುದಿನವೇ ಬಾಣಂತಿಯೊಬ್ಬಳಿಗೆಂದು ಕಟ್ಟಿದ ಉಂಡಿಗಳಲ್ಲಿ ಒಂದನ್ನು ಗಂಡನ ಕೈಗಿಟ್ಟಳು.

"ಬ್ಯಾಡ ಅಂದಾರಲ್ಲೇ" ಎಂದ ಪುಂಡಲೀಕಪ್ಪ.

"ಅವರು ಎಷ್ಟು ಬಾಣಂತನ ಮಾಡ್ಯಾರ? ಒಂದ ತಿಂದ್ರ ಏನಾಗೂದಿಲ್ಲ, ತಿನ್ರಿ."

ಅವನು ತಿಂದ. ತಿನ್ನುವವರೆಗೆ ಅವಳು ಕಣ್ಣು ಕೀಳದೆ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ, "ಹ್ಯಾಂಗ ಅನಸ್ತೈತ್ರಿ?" ಎಂದು ಕೇಳಿದಳು. ಅವನಿಗೆ ಏನೂ ಅನ್ನಿಸಿರಲಿಲ್ಲ. ಆದರೆ ಒಂದೂವರೆ ವರ್ಷದಲ್ಲಿ ಅವಳ ಮುಖ ಅಷ್ಟು ಆಸೆಯಿಂದ ಅರಳಿದ್ದನ್ನು ಅವನು ಕಂಡಿರಲಿಲ್ಲ. "ಮೈ ಹಗರ ಆದಂಗಾತು" ಎಂದುಬಿಟ್ಟ.

ಆ ಒಂದು ಮಾತಿಗೆ ಗದಿಗೆವ್ವನ ಹೊಟ್ಟೆ ತಣ್ಣಗಾಯಿತು. ಒಂದು ಉಂಡಿಗೆ ಹಗುರಾದರೆ ಎರಡಕ್ಕೆ ಎಷ್ಟಾಗಬೇಡ ಎಂದು ಲೆಕ್ಕ ಹಾಕಿ, ಬೆಳಗ್ಗೆ ಒಂದು, ಸಂಜೆ ಒಂದು ಶುರುಮಾಡಿದಳು. ಅವಳು ಕೇಳುವುದು, ಅವನು ಹಗುರ ಎನ್ನುವುದು ನಿತ್ಯದ ಪಾಠವಾಯಿತು. ಮಾತನ್ನು ನಿಜಮಾಡಿ ತೋರಿಸಲು ಅವನು ಕಟ್ಟೆಯ ಮೇಲೆ ನಿಂತು ಹೋಗಿಬರುವವರನ್ನು ಮಾತಾಡಿಸತೊಡಗಿದ. ಅವರು ಆಚೆ ಹೋದೊಡನೆ ಕಂಬ ಹಿಡಿದುಕೊಳ್ಳುತ್ತಿದ್ದ, ಅದನ್ನು ಮಾತ್ರ ಅವಳು ನೋಡಲಿಲ್ಲ. ಕಾಲಲ್ಲಿ ಸೀಸ ತುಂಬಿದಂತಾಗುವುದನ್ನೂ ಅವನು ಹೇಳಲಿಲ್ಲ. ಸುಳ್ಳು ಹೇಳುವುದು ತಪ್ಪೆಂದು ಗೊತ್ತಿದ್ದರೂ ಹೆಂಡತಿಯನ್ನು ನಿರಾಸೆ ಮಾಡುವುದು ಅದಕ್ಕಿಂತ ದೊಡ್ಡ ತಪ್ಪು ಎಂದುಕೊಂಡಿದ್ದ. ಹೀಗೆ ಹದಿನೆಂಟು ದಿನ ನಡೆಯಿತು.

ಹತ್ತೊಂಬತ್ತನೆಯ ದಿನ ಸೋಮವಾರ, ಬೆಳಗ್ಗೆ ಓಣಿಗೆ ನೀರು ಬಂತು. ಬೆಟಗೇರಿಯಲ್ಲಿ ನಳ ಬರುವುದೆಂದರೆ ಎಂಟು ಹತ್ತು ದಿನಕ್ಕೊಮ್ಮೆ. ಬಂದಾಗ ಮನೆಯಲ್ಲಿದ್ದ ಕೊಡ, ಹಂಡೆ, ಬಕೆಟ್, ಕೊನೆಗೆ ಚರಿಗೆಯೂ ತುಂಬಬೇಕು, ಯಾರಿಗೂ ಯಾರ ಕಡೆ ನೋಡುವಷ್ಟು ಪುರಸೊತ್ತು ಇರುವುದಿಲ್ಲ. ಗದಿಗೆವ್ವ ಕೊಡದ ಹಿಂದೆ ಕೊಡ ಒಳಗೆ ಸಾಗಿಸುತ್ತಿದ್ದಾಗ ಪುಂಡಲೀಕಪ್ಪ ಎರಡು ಬಕೆಟ್ ಎತ್ತಿಕೊಂಡು ಬಂದ. "ಏ, ಇಡ್ರಿ ಅದನ್ನ!" ಎಂದಳು. "ಏನೂ ಆಗೂದಿಲ್ಲ ತಗೋ" ಎಂದ. ಅವಳಿಗೆ ಒಳಗೊಳಗೆ ಖುಷಿಯೇ ಆಯಿತು. ನೋಡು, ಉಂಡಿ ಕೆಲಸ ಮಾಡುತ್ತಿದೆ ಎಂದು ಇನ್ನೊಂದು ಕೊಡ ಹಿಡಿಯಲು ಹೋದಳು.

ಹೊಸ್ತಿಲು ದಾಟುವಾಗ ಅವನ ಕಾಲು ಕುಸಿದವು. ಮುಗ್ಗರಿಸಲಿಲ್ಲ, ಜಾರಲಿಲ್ಲ, ಕಾಲೇ ಇಲ್ಲದವನಂತೆ ಕೆಳಗೆ ಕೂತುಬಿಟ್ಟ. ಬಕೆಟ್ಟಿನ ನೀರು ಪಡಸಾಲೆಯ ತುಂಬ ಹರಿಯಿತು. ಎಬ್ಬಿಸಲು ಹೋದರೆ ಕೈಯನ್ನೂ ಎತ್ತಲಾರ. ನಳದ ಹತ್ತಿರ ನಿಂತವರೇ ಕೊಡ ಬಿಟ್ಟು ಬಂದು, ಅವನನ್ನು ಹೊತ್ತು ಆಟೋದಲ್ಲಿ ಹಾಕಿದರು.

ಗದಗಿನ ಆಸ್ಪತ್ರೆಯಲ್ಲಿ ಇಸಿಜಿಯ ಕಾಗದ ನೋಡಿದ ಡಾಕ್ಟರರ ಮುಖ ಬಿಗಿಯಾಯಿತು. ಒಂದು ಸೂಜಿ ಕೊಡಿಸಿ, ತಕ್ಷಣ ಡಯಾಲಿಸಿಸ್‌ಗೆ ತಯಾರಿ ಮಾಡಲು ಹೇಳಿದರು. "ರಕ್ತದಾಗ ಪೊಟ್ಯಾಷಿಯಂ ಬಾಳ ಏರೇತಿ. ಇನ್ನಷ್ಟು ತಡಾ ಮಾಡಿದ್ರ ಎದಿ ಬಡಿತಾನ ನಿಲ್ಲತಿತ್ತು. ಏನ ತಿಂದೀರಿ ಹೇಳ್ರಿ" ಎಂದು ಕೇಳಿದರು.

"ಏನೂ ಇಲ್ರಿ ಸಾಹೇಬ್ರ" ಎಂದ ಪುಂಡಲೀಕಪ್ಪ. ಅವನ ನಾಲಿಗೆಯೂ ಭಾರವಾಗಿತ್ತು. "ಅನ್ನ, ಎರಡು ಚಪಾತಿ. ಮತ್ತೇನೂ ಇಲ್ಲ."

ಗದಿಗೆವ್ವ ಗಂಡನ ಮುಖ ನೋಡಿದಳು. ಸಾಯುವ ಹೊತ್ತಿನಲ್ಲೂ ಈ ಮನುಷ್ಯ ನನ್ನ ಮರ್ಯಾದೆ ಕಾಯಲು ಸುಳ್ಳು ಹೇಳುತ್ತಿದ್ದಾನೆ. ಇದು ಅವಳಿಗೆ ಹೊಳೆದ ಮೊದಲ ಮಾತು. ಅದರ ಬೆನ್ನಿಗೇ ಇನ್ನೊಂದು ಹೊಳೆಯಿತು. ಇಲ್ಲಿ ಇಷ್ಟು ಸಲೀಸಾಗಿ ಸುಳ್ಳು ಹೇಳುವವನು ಮನೆಯಲ್ಲಿ ಹಗುರ ಎಂದದ್ದೂ ಸುಳ್ಳೇ ಇರಬೇಕು, ಹದಿನೆಂಟು ದಿನವೂ.

"ಸುಳ್ಳ್ರಿ ಅದು" ಎಂದಳು. "ಅಂಟಿನ ಉಂಡಿ ತಿನಿಸೀನ್ರಿ. ನಾನ. ದಿನಕ್ಕ ಎರಡು."

ಏನೇನು ಹಾಕುತ್ತೀರಿ ಎಂದು ಡಾಕ್ಟರು ಕೇಳಿದರು. ಅವಳು ಒಂದೊಂದಾಗಿ ಹೇಳಿದಳು. ಎಷ್ಟೋ ಹೆಂಗಸರಿಗೆ ಹೆಮ್ಮೆಯಿಂದ ಹೇಳಿಕೊಟ್ಟಿದ್ದನ್ನು ಅಲ್ಲಿ ಕಳ್ಳತನ ಒಪ್ಪಿಕೊಂಡಂತೆ ಹೇಳಬೇಕಾಯಿತು. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಅಳುವುದಕ್ಕಾದರೂ ಒಂದು ನೆಪ ಸಿಗುತ್ತಿತ್ತು.

ಯಂತ್ರ ತಿರುಗತೊಡಗಿ ಎರಡು ತಾಸಾದ ಮೇಲೆ ಪುಂಡಲೀಕಪ್ಪನ ಕೈಬೆರಳು ಆಡಿದವು. ಡಯಾಲಿಸಿಸ್ ನೋಡಿಕೊಳ್ಳುವ ಸಿಸ್ಟರ್ ತಸ್ಲೀಮ ಬಂದು ಗದಿಗೆವ್ವನ ಪಕ್ಕದ ಸ್ಟೂಲಿನ ಮೇಲೆ ಕೂತಳು. ದಿನಾ ಶಿರಹಟ್ಟಿಯಿಂದ ಬಸ್ಸಿಗೆ ಬಂದುಹೋಗುವ ಹುಡುಗಿ, ವಯಸ್ಸಿಗೆ ಮೀರಿದ ತಾಳ್ಮೆ.

"ನನ್ನ ಬಾಣಂತನದಾಗೂ ನಮ್ಮತ್ತಿ ಉಂಡಿ ಮಾಡಿ ಕೊಟ್ಟಿದ್ರು ಕಾಕು. ಉಂಡಿಯಾಗ ಏನ ತಪ್ಪಿಲ್ಲ. ನಾವು ತಿಂದ್ರ ಹೆಚ್ಚಾದದ್ದನ್ನ ಕಿಡ್ನಿ ಹೊರಗ ಹಾಕತಾವ. ಕಾಕಾರ ಮೈಯಾಗ ಆ ದಾರಿನ ಇಲ್ಲ. ಎಲ್ಲಾ ರಕ್ತದಾಗ ಕುಂದ್ರತೈತಿ."

"ಹಂಗಾದ್ರ ದಣಿವಿಗೆ ನಾ ಏನ ಕೊಡ್ಲಿ ಯವ್ವಾ?"

"ಕೊಡೂದೇನೂ ಇಲ್ಲ. ಇದ್ದ ತ್ರಾಣಾನ ನೋಡಕೊಂಡು ಬಳಸಬೇಕು. ದಣಿದ ಮ್ಯಾಲ ಕುಂದ್ರೂದಲ್ಲ, ದಣಿಯೂಕಿಂತ ಮೊದ್ಲ ಕುಂದ್ರಬೇಕು." ತಸ್ಲೀಮ ಈಗ ಮಂಚದ ಕಡೆ ತಿರುಗಿದಳು. "ಕಾಕಾ, ಬಂದಾಗೊಮ್ಮೆ ದಣಿವು ಹ್ಯಾಂಗೈತಿ ಅಂತ ಕೇಳತೀನಿ. ಬಂದಾಗೊಮ್ಮೆ ಆರಾಮ ಅದೀನಿ ಅಂತೀರಿ. ಇವತ್ತ ರಕ್ತ ನೋಡಿದ್ರ ಹಿಮೋಗ್ಲೋಬಿನ್ ಎಂಟಕ್ಕ ಇಳದೈತಿ. ರಾತ್ರಿ ನಿದ್ದಿ ಬರತೈತೋ ಇಲ್ಲೋ?"

ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿದ. "ಕಾಲು ಜುಮುಜುಮು ಅಂತಾವ. ಆರು ತಿಂಗಳಾತು ನಿದ್ದಿ ಇಲ್ಲ" ಎಂದ.

ಆರು ತಿಂಗಳು ಅದೇ ಕೋಣೆಯಲ್ಲಿ ಗೊರಕೆ ಹೊಡೆದ ಗದಿಗೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ರಕ್ತಕ್ಕ ಸೂಜಿ ಐತಿ, ಕಾಲಿಗೂ ಡಾಕ್ಟರ್ ಏನರ ಕೊಡತಾರ" ಎಂದಳು ತಸ್ಲೀಮ. "ಆದ್ರ ದಣಿವು ಎಷ್ಟೈತಿ ಅನ್ನೂದನ್ನ ಇಲ್ಲಿರೋ ಯಾವ ಮಶೀನೂ ಹೇಳೂದಿಲ್ಲ ಕಾಕಾ. ಅದನ್ನ ನೀವ ಬಾಯಿಬಿಟ್ಟು ಹೇಳಬೇಕು."

"ಗಂಡಸಾದವ ದಣಿವಾತು ದಣಿವಾತು ಅಂತ ಹೇಳಕೋತ ಕುಂತ್ರ..." ಎಂದವನು ಹೆಂಡತಿಯ ಮುಖ ನೋಡಿ ಮಾತನ್ನು ಅಲ್ಲಿಗೇ ಬಿಟ್ಟ.

ಮೂರು ದಿನಕ್ಕೆ ಮನೆಗೆ ಬಂದರು. ತಸ್ಲೀಮ ಹೇಳಿದಂತೆ ಗದಿಗೆವ್ವ ಮನೆಯ ದಿನಚರಿಯನ್ನೇ ತಿರುವಿಹಾಕಿದಳು. ಡಯಾಲಿಸಿಸ್ಸಿನ ಮರುದಿನ, ಬುಧವಾರ ಮತ್ತು ಶನಿವಾರ, ಬೆಳಗಿನ ಹೊತ್ತು ಅವನ ಮೈ ಸ್ವಲ್ಪ ಮಾತು ಕೇಳುತ್ತದೆ ಎಂದು ಕಂಡುಕೊಂಡರು. ಮಗ್ಗಕ್ಕೆ ಇಳಿಯುವುದಿದ್ದರೆ ಆಗಲೇ, ಅದೂ ಅರ್ಧ ತಾಸು, ನಡುವೆ ಒಮ್ಮೆ ವಿಶ್ರಾಂತಿ. ಅಡ್ಡ ಬಂದದ್ದು ಜಳಕ. ಮೈತೊಳೆದು, ಹಣೆಗೆ ವಿಭೂತಿ ಹಚ್ಚಿಕೊಳ್ಳದೆ ಮಗ್ಗ ಮುಟ್ಟುವ ರೂಢಿ ಆ ಮನೆಯಲ್ಲಿ ಅಜ್ಜನ ಕಾಲದಿಂದಲೂ ಇರಲಿಲ್ಲ. ಆದರೆ ಜಳಕ ಮಾಡಿ ಬರುವಷ್ಟರಲ್ಲಿ ಅವನ ಆ ದಿನದ ತ್ರಾಣ ಬಚ್ಚಲಿನಲ್ಲೇ ಖರ್ಚಾಗಿರುತ್ತಿತ್ತು. ಗದಿಗೆವ್ವ ಒಂದು ವಾರ ತಲೆ ಕೆಡಿಸಿಕೊಂಡು, ಕೊನೆಗೆ ಜಳಕವನ್ನು ಮಗ್ಗ ಬಿಟ್ಟ ಮೇಲೆ ಸಂಜೆಗೆ ತಳ್ಳಿದಳು. ಬಚ್ಚಲಿಗೆ ಪ್ಲಾಸ್ಟಿಕ್ ಸ್ಟೂಲ್ ತಂದಿಟ್ಟಳು. ಬೆಳಗ್ಗೆ ಕೈಕಾಲು ಮುಖ ತೊಳೆದು ವಿಭೂತಿ ಹಚ್ಚಿಕೊಂಡರೆ ಸಾಕು, ದೇವರಿಗೆ ಏನಾದರೂ ಹೇಳುವುದಿದ್ದರೆ ನನಗೆ ಹೇಳಲಿ ಎಂದಳು. ದೇವರು ಏನೂ ಹೇಳಲಿಲ್ಲ.

ರಕ್ತದ ಸೂಜಿ, ಕಾಲಿನ ಗುಳಿಗೆ ಎರಡೂ ಹತ್ತಿದವು. ಸೀರೆ ಮೊಳದಿಂದ ಎರಡು ಮೊಳವಾಯಿತು. ಪಲ್ಲೆ ಕುದಿಸಿದ ನೀರನ್ನು ಅವಳು ಈಗ ಎರಡನೇ ಯೋಚನೆಯಿಲ್ಲದೆ ಗಟಾರಕ್ಕೆ ಚೆಲ್ಲುತ್ತಿದ್ದಳು.

ಸುಧಾರಿಸದೆ ಉಳಿದದ್ದು ಒಂದೇ, ಪುಂಡಲೀಕಪ್ಪನ ಬಾಯಿ. ಹೇಗಿದ್ದೀರಿ ಎಂದರೆ ಈಗಲೂ ಆರಾಮ. ಹಗುರ ಹೋಗಿ ಆರಾಮ ಬಂದಿತ್ತು, ಅಷ್ಟೇ. ಆ ಮಾತಿನಲ್ಲಿ ಗದಿಗೆವ್ವನಿಗೆ ಎಳ್ಳಷ್ಟೂ ನಂಬಿಕೆ ಉಳಿದಿರಲಿಲ್ಲ. ಗಂಡ ಮಗ್ಗದಲ್ಲಿದ್ದಾಗ ಅವಳು ನೂಲು ಸುತ್ತುತ್ತ ಲಾಳಿಯ ಸದ್ದಿಗೆ ಕಿವಿಗೊಟ್ಟು ಕೂರುತ್ತಿದ್ದಳು. ಸದ್ದು ಒಂಚೂರು ನಿಧಾನವಾದರೂ "ಸಾಕ್ರಿ, ಏಳ್ರಿ" ಎನ್ನುತ್ತಿದ್ದಳು. ಅವನು ಕೆಮ್ಮಿದರೆ ಬಂದು ನಿಲ್ಲುತ್ತಿದ್ದಳು, ಸುಮ್ಮನೆ ಕೂತರೂ ಬಂದು ನಿಲ್ಲುತ್ತಿದ್ದಳು.

ಒಂದು ಶನಿವಾರ ಅವನಿಗೆ ಸಿಟ್ಟು ಬಂತು. "ಎಳಿ ಹರದೈತಿ, ಗಂಟ ಹಾಕಾಕತ್ತೀನಿ. ಅದಕ್ಕ ನಿಂತೀನಿ. ನಿನಗ ನನ್ನ ಮಾತಿನ ಮ್ಯಾಲ ನಂಬಿಕಿನ ಇಲ್ಲೇನ?"

"ಇಲ್ಲ" ಎಂದಳು ಗದಿಗೆವ್ವ. "ಹದಿನೆಂಟ ದಿವಸ ಹಗರ ಅಂದ್ರಿ. ನಾ ಖರೆ ಅಂತ ತಿಳದು ಮತ್ತೊಂದ ಮತ್ತೊಂದ ತಿನಿಸಿದೆ. ನೀವು ಒಂದ ದಿನ ಖರೆ ಹೇಳಿದ್ರ ಕೈ ಹಿಂದ ತಗೀತಿದ್ದೆ. ನನ್ನ ಕೈಯಾರೆ ನಿಮ್ಮನ್ನ ಕೊಲ್ಲಾಕ ಹಚ್ಚಿದ್ರಿ."

ಹೇಳಿದ ಮೇಲೆ ಅವಳಿಗೇ ಆ ಮಾತು ಹೆಚ್ಚಾಯಿತು ಅನ್ನಿಸಿತು. ಆದರೆ ಹಿಂದೆ ತೆಗೆದುಕೊಳ್ಳಲಿಲ್ಲ. ಅವನು ಎಳೆಗೆ ಗಂಟು ಹಾಕಿ ಮಗ್ಗದಿಂದ ಎದ್ದ.

ಅದಾಗಿ ಎರಡು ದಿನಕ್ಕೆ ಬೆಳ್ಳಟ್ಟಿಯಿಂದ ನೀಲಗಂಗವ್ವ ಬಂದಳು. ಪುಂಡಲೀಕಪ್ಪನ ಅಕ್ಕ. ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು, ಅವಳ ಎದುರು ಅವನು ಇವತ್ತಿಗೂ ಕಾಲು ಚಾಚಿ ಕೂತವನಲ್ಲ. ಜಡ್ಡಿನವರನ್ನು ನೋಡಲು ಬರಿಗೈಯಲ್ಲಿ ಬರುವುದುಂಟೆ? ಒಂದು ಚೀಲದಲ್ಲಿ ಆರು ಎಳನೀರು, ಇನ್ನೊಂದರಲ್ಲಿ ಬಾಳೆಹಣ್ಣು. ಬಂದವಳೇ ತಮ್ಮನ ಮೈ ಮುಖ ಸವರಿ ಕಣ್ಣೀರು ಹಾಕಿ, ಊರಿನ ಸುದ್ದಿ ತೆಗೆದಳು.

ಅವಳು ಬಂದದ್ದು ಸೋಮವಾರ. ಡಯಾಲಿಸಿಸ್ಸಿನ ಹಿಂದಿನ ದಿನ ಅವನ ಮೈ ಎಲ್ಲಕ್ಕಿಂತ ಭಾರವಾಗಿರುತ್ತಿತ್ತು. ಆದರೂ ಬೆನ್ನು ನೆಟ್ಟಗೆ ಮಾಡಿ ಕೂತು, ಅಕ್ಕನ ಮಾತಿಗೆಲ್ಲ ಹ್ಞೂಂಗುಟ್ಟುತ್ತಿದ್ದ. ಒಂದು ತಾಸಾಯಿತು. ಅವನ ತುಟಿ ಬಿಳಚಿಕೊಂಡದ್ದನ್ನು ಗದಿಗೆವ್ವ ನೋಡಿದಳು, ಅಕ್ಕನಿಗೆ ಅದು ಕಾಣಲಿಲ್ಲ.

"ಎಷ್ಟ ಸೊರಗೀಯೋ ತಮ್ಮಾ" ಎಂದು ನೀಲಗಂಗವ್ವ ತಾನೇ ಕುಡಗೋಲು ತಗೊಂಡು ಒಂದು ಎಳನೀರು ಕೆತ್ತಿದಳು.

"ಅಕ್ಕಾರ, ಅದು ಬ್ಯಾಡ್ರಿ. ಅವರಿಗೆ ನಡಿಯೂದಿಲ್ಲ" ಎಂದಳು ಗದಿಗೆವ್ವ.

"ಎಳನೀರು ನಡಿಯೂದಿಲ್ಲ? ಊರ ಬಾಣಂತ್ಯಾರಿಗೆಲ್ಲಾ ಉಂಡಿ ಕಟ್ಟಿ ತಿನಸಾಕಿ ನೀನು. ಗಂಡಗ ಒಂದ ಎಳನೀರು ಕುಡಸಾಕ ಕೈ ಬರವಲ್ದೇನ ನಿನಗ?"

ಗದಿಗೆವ್ವನ ಬಾಯಿಗೆ ಉತ್ತರ ಬಂದೇ ಬಿಟ್ಟಿತ್ತು. ಎಳನೀರನ್ನು ಕಿತ್ತುಕೊಳ್ಳಲು ಕೈಯೂ ಮುಂದಾಗಿತ್ತು. ಆದರೆ ಇವತ್ತು ತಾನು ಕಿತ್ತುಕೊಂಡರೆ ನಾಳೆ ಯಾರೋ ಕೊಟ್ಟಾಗ ತಾನಿರುವುದಿಲ್ಲ. ಅವನ ಬಾಯಿಯ ಕೆಲಸವನ್ನು ಎಷ್ಟು ದಿನ ತನ್ನ ಕೈ ಮಾಡಲು ಸಾಧ್ಯ? ಸೆರಗು ಬಿಗಿಹಿಡಿದು ಅವಳು ಸುಮ್ಮನೆ ನಿಂತಳು. ಹಾಗೆ ನಿಲ್ಲುವುದು ಅವಳ ಜೀವಮಾನದಲ್ಲೇ ಅತಿ ಕಷ್ಟದ ಕೆಲಸವಾಗಿತ್ತು.

ನೀಲಗಂಗವ್ವ ಎಳನೀರನ್ನು ತಮ್ಮನ ಕೈಗೆ ಕೊಟ್ಟಳು. ಅವನು ತಗೊಂಡ. ಅಕ್ಕನ ಮುಖ ನೋಡಿದ. ಉಂಡಿ ಕೊಟ್ಟ ದಿನ ಹೆಂಡತಿಯ ಮುಖದಲ್ಲಿದ್ದ ಆಸೆಯೇ ಆ ಮುಖದಲ್ಲೂ ಇತ್ತು. ಎಳನೀರನ್ನು ಮೆಲ್ಲಗೆ ನೆಲಕ್ಕಿಟ್ಟ.

"ಒಲ್ಲೆ ಅಕ್ಕಾ. ಇದು ನನಗ ಕೆಡಕು ಮಾಡತೈತಿ. ಹೋದ ತಿಂಗಳ ಉಂಡಿ ತಿಂದು ಸಾಯಾಕ ಹೋಗಿದ್ದೆ. ಆಕಿ ತಪ್ಪಲ್ಲ, ನಾ ಬಾಯಿ ಬಿಡಲಿಲ್ಲ." ಉಸಿರು ತಗೊಂಡು ಮತ್ತೆ ಹೇಳಿದ. "ಇನ್ನೊಂದ ಮಾತು. ನನಗ ಬಾಳ ದಣಿವಾಗೇತಿ. ಮುಂಜಾನಿಂದನ ಆಗೇತಿ. ನೀ ಬಂದೀ ಅಂತ ಕುಂತಿದ್ದೆ, ಇನ್ನ ಆಗೂದಿಲ್ಲ. ನೀವಿಬ್ಬರೂ ಮಾತಾಡ್ರಿ, ನಾ ಮಲಕೋತೀನಿ."

ಗೋಡೆ ಹಿಡಿದುಕೊಂಡು ಒಳಕೋಣೆಗೆ ಹೋದ.

ನೀಲಗಂಗವ್ವ ಬಾಯಿ ತೆರೆದುಕೊಂಡೇ ಕೂತಿದ್ದಳು. ಸಾಕಿದ ಅಕ್ಕ ಮನೆಗೆ ಬಂದು ಕೂತಿರುವಾಗ ತಮ್ಮನಾದವನು ಎದ್ದು ಹೋಗಿ ಮಲಗುವುದೆಂದರೆ! "ಇದೇನವಾ ಇದು? ಅಕ್ಕ ಬಂದ್ರ ಎದ್ದ ಹೋಗತಾನ? ನೀನ ಕಲಿಸಿರಬೇಕು ಇದನ್ನ!"

"ಹೌದ್ರಿ ಅಕ್ಕಾರ. ನಾನ ಕಲಿಸೀನಿ" ಎಂದಳು ಗದಿಗೆವ್ವ. ಅಷ್ಟು ಹೇಳುವುದರಲ್ಲಿ ಅವಳ ಕಣ್ಣಿನಿಂದ ನೀರು ದಳದಳ ಇಳಿಯಿತು. ಅವಮಾನಕ್ಕೆ ಅಳುತ್ತಿದ್ದಾಳೆಂದು ನೀಲಗಂಗವ್ವ ತಿಳಿದಳು. ಗದಿಗೆವ್ವನಿಗೆ ಅಷ್ಟು ಸಂತೋಷ ಮಗಳು ಹುಟ್ಟಿದಾಗಲೂ ಆಗಿರಲಿಲ್ಲ.

ಒಳಗೆ ಹೋಗಿ ಗಂಡನ ಮೇಲೆ ಚಾದರ ಹೊದಿಸಿದಳು. "ಅಕ್ಕ ಸಿಟ್ಟಾದಳೇನ?" ಎಂದು ಅವನು ಕಣ್ಣು ಮುಚ್ಚಿಕೊಂಡೇ ಕೇಳಿದ.

"ಆಗ್ಯಾರ. ಆಗಲಿ ತಗೋರಿ."

ಗದಿಗೆವ್ವ ಅವನ ಉಸಿರು ನಿಧಾನವಾಗುವವರೆಗೆ ಅಲ್ಲೇ ನಿಂತಿದ್ದು, ಬಾಗಿಲು ಮುಂದೆ ಮಾಡಿಕೊಂಡು ಪಡಸಾಲೆಗೆ ಬಂದು, ನೀಲಗಂಗವ್ವನ ಪಕ್ಕದಲ್ಲಿ ಕೂತಳು.

"ಸಣ್ಣಗ ಮಾತಾಡೂಣ್ರಿ ಅಕ್ಕಾರ" ಎಂದಳು. "ಅವರಿಗೆ ನಿದ್ದಿ ಹತ್ತೇತಿ."